ಕೌದಿ ಹೊಲಿಯಲು ಮಿಷಿನ್ನಿಗೊಂದು ಎಕ್ಸ್‌ಟೆನ್ಷನ್ ಟೇಬಲ್: ನನ್ನ ಅನುಭವ

ಮನೆಯ ಸಣ್ಣ ಮಿಷಿನ್ನಿನಲ್ಲಿ ಕೌದಿ ಹೊಲಿಯುವಾಗ ಸೂಜಿ ಮುರಿದರೆ, ಹೊಲಿಗೆ ಒಂದು ಕಡೆ ಉದ್ದ ಇನ್ನೊಂದು ಕಡೆ ಗಿಡ್ಡ ಬಿದ್ದರೆ, ಎಲ್ಲರೂ ಮೊದಲು ದೂರುವುದು ದಾರವನ್ನೋ ಮಿಷಿನ್ನನ್ನೋ. ಬಹಳ ಸಲ ಕಾರಣ ಅದಲ್ಲ, ಬಟ್ಟೆಯ ಭಾರ. 60×90 ಇಂಚಿನ ಕೌದಿಗೆ ಮೇಲೊಂದು ಕೆಳಗೊಂದು ಕಾಟನ್ ಸೀರೆ, ನಡುವೆ ಹಳೇ ಬೆಡ್‌ಶೀಟಿನ ಎರಡು ಪದರ ಕೊಟ್ಟರೆ ಒಂದೂವರೆ ಕೆಜಿ ಹತ್ತಿರ ತೂಗುತ್ತದೆ. ಅದರಲ್ಲಿ ಅರ್ಧ ಮೇಜಿನಂಚಿನಿಂದ ಜೋತುಬಿದ್ದರೆ ಆ ಎಳೆತವೆಲ್ಲ ಸೂಜಿಯ ಮೇಲೆ. ಸೂಜಿ ಕೂದಲೆಳೆಯಷ್ಟು ಬಾಗಿದರೂ ಸಾಕು, ಪ್ಲೇಟಿಗೆ ತಾಗಿ ಮೊನೆ ಮೊಂಡಾಗುತ್ತದೆ ಅಥವಾ ಮುರಿಯುತ್ತದೆ. ಮಿಷಿನ್ನಿನ ಹಲ್ಲು ಬಟ್ಟೆಯನ್ನು ಹಿಂದಕ್ಕೆ ದೂಡುತ್ತಿದ್ದರೆ ಭಾರ ಮುಂದಕ್ಕೆ ಜಗ್ಗುತ್ತದೆ. ಹೊಲಿಗೆ ಗಿಡ್ಡವಾಗುವುದು ಅದಕ್ಕೇ.

ಕಾಲಲ್ಲಿ ತುಳಿಯುವ ಹಳೇ ಮಿಷಿನ್ನಿನಲ್ಲಿ ಈ ಕಾಟ ಕಡಿಮೆ. ಅದರ ತಳ ಹಲಗೆಯೊಳಗೆ ಇಳಿದು, ಹಲಗೆಗೆ ಸಮನಾಗಿ ಕೂತಿರುತ್ತದೆ. ಈಗಿನ ಪೋರ್ಟಬಲ್ ಮಿಷಿನ್ನಿನ ತೋಳು, ಅಂದರೆ ಸೂಜಿಯ ಕೆಳಗೆ ಬಟ್ಟೆ ಸಾಗುವ ಭಾಗ, ಮೇಜಿಗಿಂತ ಮೂರು ಇಂಚಿನಷ್ಟು ಎತ್ತರ. ಆ ಮೂರು ಇಂಚನ್ನು ಸುತ್ತಲೂ ತುಂಬಿಕೊಡುವುದೇ ಎಕ್ಸ್‌ಟೆನ್ಷನ್ ಟೇಬಲ್ಲಿನ ಕೆಲಸ. ಸೂಜಿಯ ಬಲಕ್ಕಿರುವ ಜಾಗ ಇದರಿಂದ ಒಂದಿಂಚೂ ಹೆಚ್ಚುವುದಿಲ್ಲ, ಹಾಗಾಗಿ ಕೌದಿಯ ಬಲಭಾಗವನ್ನು ಸುರುಳಿ ಸುತ್ತಿ ತೂರಿಸುವುದು ತಪ್ಪುವುದಿಲ್ಲ. ಇದನ್ನು ತಿಳಿದುಕೊಂಡೇ ದುಡ್ಡು ಹಾಕಿ.

ಅಕ್ರಿಲಿಕ್ ಟೇಬಲ್ ಕೊಳ್ಳುವುದಾದರೆ ನಿಮ್ಮ ಮಿಷಿನ್ನಿನ ಮಾಡೆಲ್ಲಿಗೇ ಕತ್ತರಿಸಿದ್ದನ್ನು ಕೊಳ್ಳಬೇಕು. ನಾನು ಪ್ಲೈವುಡ್ಡಿನಲ್ಲಿ ಮಾಡಿಕೊಂಡೆ. ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಹೋದರೆ ಹಲಗೆ ಸಿಗುತ್ತದೆ. ದಪ್ಪ 12 ಮಿಮೀ, ಅಳತೆ 24×18 ಇಂಚು. 6 ಮಿಮೀ ಹಲಗೆ ಕೌದಿಯ ಭಾರಕ್ಕೆ ನಡುವೆ ಜಗ್ಗುತ್ತದೆ, ತರಬೇಡಿ. ನೀರು ತಡೆಯುವ 710 ಗ್ರೇಡ್ ಪ್ಲೈ ಆದರೆ ಒಳ್ಳೆಯದು. ಸಾಮಾನ್ಯ ಬಳಕೆಯ 303 ಗ್ರೇಡೂ ನಡೆಯುತ್ತದೆ, ಆದರೆ ಕತ್ತರಿಸಿದ ಅಂಚಿಗೆ ಎರಡು ಕೋಟ್ ವಾರ್ನಿಷ್ ಹೊಡೆಯದಿದ್ದರೆ ಬೆಂಗಳೂರಿನ ಮಳೆಗಾಲದ ತೇವಕ್ಕೆ ಅಂಚು ಉಬ್ಬಿಕೊಳ್ಳುತ್ತದೆ.

ಮಿಷಿನ್ನಿನ ಎಡಗಡೆಯ ಸಾಮಾನು ಡಬ್ಬಿ ತೆಗೆದರೆ ತೋಳು ಬಿಡಿಯಾಗುತ್ತದೆ. ಬ್ರೌನ್ ಪೇಪರನ್ನು ತೋಳಿಗೆ ಒತ್ತಿ ಹಿಡಿದು ಆಕಾರ ಬರೆದುಕೊಳ್ಳಿ, ಸುತ್ತ 2 ಮಿಮೀ ಸಂದು ಬಿಡಿ. ಒಳಮೂಲೆಗಳಲ್ಲಿ ಮೊದಲು ಅರ್ಧ ಇಂಚಿನ ತೂತು ಕೊರೆದು ಆಮೇಲೆ ಜಿಗ್‌ಸಾ ಓಡಿಸಲು ಕಾರ್ಪೆಂಟರಿಗೆ ಹೇಳಿ. ಚೂಪು ಮೂಲೆ ಬಿಟ್ಟರೆ ಸೀಳು ಅಲ್ಲಿಂದಲೇ ಶುರುವಾಗುತ್ತದೆ. ಸನ್ಮೈಕಾ ಹಾಳೆಯನ್ನು ಹಲಗೆಯ ಮೇಲ್ಬದಿಗೆ ಮಾತ್ರ ಅಂಟಿಸಿದರೆ ಕೆಲವೇ ವಾರಕ್ಕೆ ಹಲಗೆ ಬಾಗುತ್ತದೆ, ಕೆಳಗೂ ಒಂದು ಹಾಳೆ ಬೇಕು. ಮೇಲಿನದು ಹೊಳಪಿನದೇ ಇರಲಿ, ಬಟ್ಟೆ ಜಾರುವುದು ಅದರ ಮೇಲೆ. ಅಂಚುಗಳಿಗೆ 120 ನಂಬರಿನ ಉಪ್ಪುಕಾಗದ ಹಾಕಿ, ನಂತರ 220. ಹಳೇ ಸೀರೆಯೊಂದನ್ನು ಅಂಚಿನ ಮೇಲೆ ಎಳೆದು ನೋಡಿ, ಎಲ್ಲಿ ನೂಲು ಸಿಕ್ಕಿತೋ ಅಲ್ಲಿ ಇನ್ನೊಮ್ಮೆ ಉಜ್ಜಿ.

ಎತ್ತರದ ಲೆಕ್ಕಕ್ಕೆ ಅವಸರ ಬೇಡ. ಮೇಜಿನಿಂದ ತೋಳಿನ ಮೇಲ್ಮೈವರೆಗೆ ನನ್ನ ಮಿಷಿನ್ನಿನಲ್ಲಿ 82 ಮಿಮೀ. ಹಲಗೆ 12, ಎರಡು ಸನ್ಮೈಕಾ ಸೇರಿ 2, ಉಳಿದದ್ದು 68. ಇದೇ ಕಾಲಿನ ಎತ್ತರ. ಕಾಲಿಗೆ ಮರದ ತುಂಡು ಹಾಕಬೇಡಿ, ಎಸ್.ಪಿ. ರೋಡಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ 8 ಮಿಮೀ ಬೋಲ್ಟು, ಎರಡೆರಡು ನಟ್ಟು, ರಬ್ಬರ್ ಬುಷ್ ಹಾಕಿ. ತಿರುಗಿಸಿದರೆ ಏರುತ್ತದೆ, ಇಳಿಯುತ್ತದೆ. ನಾಲ್ಕು ಮೂಲೆಗೆ ನಾಲ್ಕು, ತೋಳಿನ ಎಡತುದಿ ಬಂದು ಕೂರುವ ಅಂಚಿನ ಪಕ್ಕ, ಹಲಗೆಯ ಕೆಳಗೆ ಐದನೆಯದು. ಭಾರ ಹೆಚ್ಚು ಬೀಳುವುದು ಅಲ್ಲೇ, ಆ ಐದನೇ ಕಾಲು ಬಿಟ್ಟರೆ ಹಲಗೆ ಪ್ರತಿ ಹೊಲಿಗೆಗೂ ಕುಣಿಯುತ್ತದೆ.

ಈಗ ಒಂದು ಅಡಿಯ ಸ್ಟೀಲ್ ಸ್ಕೇಲನ್ನು ತೋಳು ಮತ್ತು ಹಲಗೆಯ ಮೇಲೆ ಅಡ್ಡಲಾಗಿ, ಅಂಚಿನ ಮೇಲೆ ನಿಲ್ಲಿಸಿ. ಹಿಂದಿನಿಂದ ಟಾರ್ಚ್ ಬಿಡಿ. ಸ್ಕೇಲಿನ ಕೆಳಗೆ ಬೆಳಕಿನ ಗೆರೆ ತೋಳಿನ ಮೇಲೆ ಕಂಡರೆ ಹಲಗೆ ಎತ್ತರವಾಗಿದೆ, ಹಲಗೆಯ ಮೇಲೆ ಕಂಡರೆ ತಗ್ಗಾಗಿದೆ. ಅರ್ಧ ಮಿಲಿಮೀಟರ್ ತಗ್ಗಿದ್ದರೆ ಪರವಾಗಿಲ್ಲ. ಎತ್ತರ ಮಾತ್ರ ಇರಲೇಬಾರದು, ಬಟ್ಟೆ ಹಲ್ಲಿನಿಂದ ಮೇಲೆದ್ದು ಮುಂದೆ ಸಾಗುವುದಿಲ್ಲ. ಸಮ ಬಂದ ಮೇಲೆ ಎರಡನೇ ನಟ್ಟು ಬಿಗಿ ಮಾಡಿ, ಸಂದಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ. ಪದರ ಕೂಡಿಸಲು ಹಾಕಿದ ಸೇಫ್ಟಿ ಪಿನ್ನುಗಳು ಸಿಕ್ಕಿಕೊಳ್ಳುವುದು ಆ ಸಂದಿನಲ್ಲೇ.

ಬಾಬಿನ್ ಮುಂದುಗಡೆ ಬಾಗಿಲಿನಿಂದ ಹಾಕುವ ಮಿಷಿನ್ನಾದರೆ ಹಲಗೆಯ ಮುಂದಿನ ಪಟ್ಟಿಯಲ್ಲಿ ನಾಲ್ಕಿಂಚಿನ ತುಂಡೊಂದು ಬಿಚ್ಚಿ ತೆಗೆಯುವಂತಿರಲಿ. ಅರ್ಧರ್ಧ ಇಂಚಿನ ಸಾಲು ಹೊಡೆದರೆ ಒಂದು ಕೌದಿ ಆರೇಳು ಬಾಬಿನ್ ತಿನ್ನುತ್ತದೆ, ಅಷ್ಟೂ ಸಲ ಟೇಬಲ್ ಕಳಚಿ ಕೂರಲಾಗದು. ಮೇಲಿನಿಂದ ಬಾಬಿನ್ ಹಾಕುವವರಿಗೆ ಈ ಚಿಂತೆಯಿಲ್ಲ.

ಇಷ್ಟಾದರೂ 24 ಇಂಚಿನ ಹಲಗೆ ಇಡೀ ಕೌದಿಯನ್ನು ಹೊರುವುದಿಲ್ಲ. ಮೇಜನ್ನು ಹಿಂದಿನ ಗೋಡೆಗೆ ಒತ್ತಿ ಇಡಿ, ಹೊಲಿದ ಭಾಗ ಹಿಂದೆ ಬೀಳದು. ಎಡಗಡೆ ಇಸ್ತ್ರಿ ಮೇಜನ್ನು ಹಲಗೆಯ ಎತ್ತರಕ್ಕೇ ಏರಿಸಿ ನಿಲ್ಲಿಸಿ. ಮುಂದಿನ ಭಾಗವನ್ನು ಮಡಿಲಲ್ಲಿಟ್ಟುಕೊಂಡು, ಐದಾರು ಇಂಚಿಗೊಮ್ಮೆ ಹಲಗೆಯ ಮೇಲೆ ಸಡಿಲವಾಗಿ ಗುಡ್ಡೆ ಮಾಡಿಕೊಂಡು ಹೊಲಿಯಿರಿ. ಊಟದ ಮೇಜು 30 ಇಂಚು, ಅದರ ಮೇಲೆ ಮಿಷಿನ್ ಮೂರು ಇಂಚು ಅಂದರೆ ಭುಜ ಸೋಲುತ್ತದೆ. 26-27 ಇಂಚಿನ ಮೇಜು ಹುಡುಕಿ, ಇಲ್ಲದಿದ್ದರೆ ಕುರ್ಚಿ ಎತ್ತರಿಸಿ ಪೆಡಲಿನ ಕೆಳಗೊಂದು ಮಣೆ ಕೊಡಿ.

ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೈಯಲ್ಲಿ ಕೌದಿ ಹೊಲಿಯುವಾಗ ಅಂಚಿನಿಂದ ಶುರುಮಾಡಿ ನಡುವಿಗೆ ಬರುತ್ತಾರೆ, ತುಂಡುಗಳನ್ನು ಮಡಚಿ ಇಡುತ್ತಲೇ ಹೋಗುತ್ತಾರೆ. ಆ ಸೊಗಸಿನ ಕ್ರಮ ಮಿಷಿನ್ನಿಗೆ ಹೊಂದದು. ಇಲ್ಲಿ ಬಟ್ಟೆ ಒತ್ತುವ ಮಿಷಿನ್ನಿನ ಪಾದ (ಫೂಟ್) ಮೇಲಿನ ಪದರವನ್ನು ಒತ್ತಿ ಮುಂದೆ ತಳ್ಳುವುದರಿಂದ ಅಂಚಿನಿಂದ ಹೊರಟರೆ ಹೆಚ್ಚಾದ ಬಟ್ಟೆಯೆಲ್ಲ ನಡುವೆ ನೆರಿಗೆಯಾಗಿ ನಿಲ್ಲುತ್ತದೆ. ನಡುವಿನ ಸಾಲು ಮೊದಲು, ಆಮೇಲೆ ಎಡಕ್ಕೆ, ಬಲಕ್ಕೆ. ನಾಲ್ಕಿಂಚಿಗೊಂದು ಪಿನ್ನು, ಮೇಲಿನ ಪದರವನ್ನೂ ಜೊತೆಗೇ ಸಾಗಿಸುವ ವಾಕಿಂಗ್ ಫೂಟ್, 3 ಮಿಮೀ ಹೊಲಿಗೆ. ಕಾಟನ್ನಿಗೆ 90/14 ಸೂಜಿ, ಜೀನ್ಸ್ ತುಂಡು ಸೇರಿದ್ದರೆ 100/16. ಬಳ್ಳಿ, ಸುರುಳಿ ಬಿಡಿಸುವುದಾದರೆ ಹಲ್ಲು ಇಳಿಸಿ, ಬಟ್ಟೆಯನ್ನು ಎತ್ತ ಬೇಕಾದರೂ ತಿರುಗಿಸಲು ಬಿಡುವ ಡಾರ್ನಿಂಗ್ ಫೂಟ್ ಹಾಕಿ, ಅಂಗೈಗೆ ರಬ್ಬರ್ ಚುಕ್ಕಿಯ ಕೈಗವಸು ತೊಟ್ಟುಕೊಳ್ಳಿ.

ಮಿಷಿನ್ನಿನ ಅದುರಿಗೆ ನಟ್ಟು ಸಡಿಲುತ್ತದೆ. ಹೊಸದರಲ್ಲಿ ಎರಡು ಬಾಬಿನ್ನಿಗೊಮ್ಮೆ, ಪಳಗಿದ ಮೇಲೆ ಕೌದಿಗೊಮ್ಮೆ, ಸ್ಕೇಲು ಟಾರ್ಚು ಹಿಡಿದು ಮಟ್ಟ ನೋಡಿಕೊಳ್ಳಿ.