ಷೇರಿಗೆಷ್ಟು, ಟ್ರೆಷರಿ ಬಿಲ್‌ಗೆಷ್ಟು? ಪಾಲು ನಿರ್ಧರಿಸುವ ಬಗೆ

ಕೈಯಲ್ಲಿ 10 ಲಕ್ಷ ರೂಪಾಯಿಯ ಇಡುಗಂಟು ಇರುವವರು ಯಾವ ಷೇರು ಕೊಳ್ಳಲಿ ಎಂದು ಕೇಳುವ ಮೊದಲು, ಅದರಲ್ಲಿ ಎಷ್ಟನ್ನು ಷೇರಿನಲ್ಲಿ ಹೂಡಬೇಕು, ಎಷ್ಟನ್ನು ಅಪಾಯವಿಲ್ಲದ ಕಡೆ ಇಡಬೇಕು ಎಂಬುದನ್ನು ತೀರ್ಮಾನಿಸಬೇಕು. ಆರು ತಿಂಗಳ ಮನೆಖರ್ಚನ್ನೂ ಎರಡು ಮೂರು ವರ್ಷದೊಳಗೆ ಕಟ್ಟಬೇಕಾದ ಮಕ್ಕಳ ಶುಲ್ಕವನ್ನೂ ಈ ಲೆಕ್ಕಕ್ಕೆ ಸೇರಿಸದೆ ಮೊದಲೇ ಎತ್ತಿಡಿ.

ನಮ್ಮಲ್ಲಿ ಅಪಾಯರಹಿತವೆಂದು ಧೈರ್ಯವಾಗಿ ಹೇಳಬಹುದಾದದ್ದು ಕೇಂದ್ರ ಸರ್ಕಾರದ 91, 182 ಮತ್ತು 364 ದಿನಗಳ ಟ್ರೆಷರಿ ಬಿಲ್, ಅಂದರೆ ಸರ್ಕಾರದ ಅಲ್ಪಾವಧಿ ಸಾಲಪತ್ರ. ಮುಖಬೆಲೆಗಿಂತ ಕಡಿಮೆ ದರಕ್ಕೆ ಕೊಂಡು ಅವಧಿ ಮುಗಿದಾಗ ಪೂರ್ತಿ ಮುಖಬೆಲೆ ಪಡೆಯುವ ಈ ಬಿಲ್‌ಗಳು, 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಆರಂಭಿಸಿದ ರಿಟೇಲ್ ಡೈರೆಕ್ಟ್ ಖಾತೆಯ ಮೂಲಕ ಸಾಮಾನ್ಯರಿಗೂ ದೊರೆಯುತ್ತವೆ. ಬ್ಯಾಂಕ್ ಠೇವಣಿಗೆ ವಿಮೆಯ ರಕ್ಷಣೆ ಇರುವುದು 5 ಲಕ್ಷದವರೆಗೆ ಮಾತ್ರ. ದೀರ್ಘಾವಧಿಯ ಸರ್ಕಾರಿ ಬಾಂಡನ್ನು ಬಡ್ಡಿದರ ಏರಿದ ಹೊತ್ತಿನಲ್ಲಿ ಮಾರಬೇಕಾಗಿ ಬಂದರೆ ಅಸಲೂ ಕರಗಬಹುದು.

ಪಾಲಿನ ಲೆಕ್ಕಕ್ಕೆ ಅರ್ಥಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1969ರಲ್ಲಿ ಕೊಟ್ಟ ಸೂತ್ರವಿದೆ. ಷೇರಿನಿಂದ ನಿರೀಕ್ಷಿಸುವ ಆದಾಯದಲ್ಲಿ ಬಿಲ್‌ನ ಬಡ್ಡಿಯನ್ನು ಕಳೆಯಿರಿ. ಉಳಿದದ್ದನ್ನು, ಷೇರಿನ ಏರಿಳಿತದ (ವರ್ಷದ ಆದಾಯ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಸರಿಯುತ್ತದೆ ಎಂಬುದರ) ವರ್ಗವನ್ನು, ಅಂದರೆ ಅದನ್ನು ಅದರಿಂದಲೇ ಗುಣಿಸಿದ್ದನ್ನು, ನಿಮ್ಮ ಅಳುಕಿನ ಅಂಕದಿಂದ ಗುಣಿಸಿ ಬಂದ ಸಂಖ್ಯೆಯಿಂದ ಭಾಗಿಸಿ. ನಷ್ಟಕ್ಕೆ ಹೆಚ್ಚು ಅಳುಕುವವರಿಗೆ ದೊಡ್ಡ ಅಂಕ. ನಿರೀಕ್ಷೆ ಶೇ 12, ಬಡ್ಡಿ ಶೇ 6, ಏರಿಳಿತ ಶೇ 20, ಅಂಕ 3 ಎಂದುಕೊಂಡರೆ 0.06ನ್ನು 0.12ರಿಂದ (0.20 × 0.20 × 3) ಭಾಗಿಸಬೇಕು, ಷೇರಿನ ಪಾಲು ಶೇ 50 ಆಗುತ್ತದೆ. ನಿರೀಕ್ಷೆಯನ್ನು ಶೇ 10ಕ್ಕೆ ಇಳಿಸಿ ನೋಡಿ, ಅದೇ ಪಾಲು ಶೇ 33ಕ್ಕೆ ಕುಸಿಯುತ್ತದೆ. ಮುಂದಿನ ವರ್ಷಗಳ ಆದಾಯವನ್ನು ಯಾರೂ ಮೊದಲೇ ಅರಿತಿರುವುದಿಲ್ಲವಾದ್ದರಿಂದ, ಸೂತ್ರದ ಉತ್ತರವನ್ನು ಹಾಗೆಯೇ ನಂಬದೆ ಕುಸಿತದ ಪರೀಕ್ಷೆಗೆ ಒಡ್ಡಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್ 2009ರ ಮಾರ್ಚ್ ಹೊತ್ತಿಗೆ 8,200ಕ್ಕಿಂತ ಕೆಳಗಿತ್ತು, ಅಂದರೆ ಶೇ 60ರಷ್ಟು ಇಳಿಕೆ. ಅಂಥದ್ದು ಮರುಕಳಿಸಿದರೆ ಷೇರಿನಲ್ಲಿರುವ ನಿಮ್ಮ 5 ಲಕ್ಷ 2 ಲಕ್ಷವಾಗಿ, ಒಟ್ಟು ಹಣ 7 ಲಕ್ಷಕ್ಕೆ ಇಳಿಯುತ್ತದೆ. 3 ಲಕ್ಷ ಹೋಯಿತೆಂದು ಒಂದು ಕಾಗದದಲ್ಲಿ ಬರೆದು ಮನೆಯವರಿಗೂ ತೋರಿಸಿ. ತಡೆಯಲಾಗದು ಎನಿಸಿದರೆ ಅಂಕವನ್ನು 5ಕ್ಕೆ ಏರಿಸಿ. ಪಾಲು ಶೇ 30, ನಷ್ಟ 1.8 ಲಕ್ಷ.

ತಡೆಯಬಲ್ಲೆವು ಎನ್ನುವವರಿಗೆ ಇನ್ನೊಂದು ಪ್ರಶ್ನೆಯಿದೆ. ಆ 7 ಲಕ್ಷದಲ್ಲಿ ಪಾಲನ್ನು ಮತ್ತೆ ಶೇ 50ಕ್ಕೆ ತರಲು, ಬಿಲ್‌ನಿಂದ 1.5 ಲಕ್ಷ ತೆಗೆದು ಬಿದ್ದ ಷೇರನ್ನೇ ಕೊಳ್ಳಬೇಕಾಗುತ್ತದೆ. ಇದನ್ನು ವರ್ಷಕ್ಕೊಮ್ಮೆ, ಒಂದು ನಿಗದಿತ ದಿನದಂದು ಮಾಡಿ. ಷೇರು ಏರಿ ಪಾಲು ಮೀರಿದಾಗ, ಮಾರಿದರೆ ಲಾಭದ ಮೇಲೆ ತೆರಿಗೆ ಬೀಳಬಹುದಾದ್ದರಿಂದ, ಆ ವರ್ಷದ ಹೊಸ ಉಳಿತಾಯವನ್ನು ಬಿಲ್‌ಗೆ ಹಾಕಿ ಸರಿದೂಗಿಸುವುದು ಮೇಲು.