ಅಪ್ಪಯ್ಯನ ಮಳೆ ಪುಸ್ತಕ ಮತ್ತು ಪೈಥಾನ್ ಲೂಪುಗಳು: ನನ್ನ ಅನುಭವ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಅಂಗಳದಲ್ಲಿ ಒಂದು ಮಳೆಮಾಪಕವಿದೆ. ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಅಂದರೆ ಬೆಳಿಗ್ಗೆ ಎಂಟೂವರೆಗೆ, ಅಪ್ಪಯ್ಯ ಅದರ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ, ಹಿಂದಿನ 24 ಗಂಟೆಗಳ ಮಳೆಯನ್ನು ನೋಟ್ ಪುಸ್ತಕದಲ್ಲಿ ಬರೆದಿಡುತ್ತಾರೆ. 1994ರಿಂದ 2023ರವರೆಗಿನ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ ಮೇಲೆ ನನಗೆ ಬೇಕಾಗಿದ್ದುದು ಒಂದೇ ಉತ್ತರ: ಕೊಳೆರೋಗ ತಡೆಯಲು ಅಡಿಕೆ ಗೊನೆಗಳಿಗೆ ಎರಡನೇ ಸಲ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದಕ್ಕೆ ಬೇಕಾದ ಹೊಳವು, ಅಂದರೆ ಮಳೆಯ ನಡುವಿನ ಬಿಡುವು, ಯಾವ ವರ್ಷ ಯಾವಾಗ ಸಿಕ್ಕಿತ್ತು?

ಮೊದಲ ಔಷಧಿಯನ್ನು ಮಳೆಗಾಲ ಹಿಡಿಯುವ ಮುನ್ನವೇ ಮುಗಿಸಿಕೊಳ್ಳಬಹುದು. ಎರಡನೆಯದು ಅದಾಗಿ 40–45 ದಿನಕ್ಕೆ ಬೀಳುವುದರಿಂದ ಪುನರ್ವಸು, ಪುಷ್ಯ ಮಳೆಗಳ ನಡುವೆಯೇ ಕೊನೆಗಾರರನ್ನು ಮರ ಹತ್ತಿಸಬೇಕಾಗುತ್ತದೆ. ಹಾಗಾಗಿ ಪ್ರತಿ ವರ್ಷದ ಜುಲೈ 5ರಿಂದ ಆಗಸ್ಟ್ 15ರವರೆಗಿನ 42 ದಿನಗಳಲ್ಲಿ, 2.5 ಮಿಲಿಮೀಟರಿಗಿಂತ ಕಡಿಮೆ ಮಳೆಯಾದ ಮೂರು ದಿನಗಳು ಸಾಲಾಗಿ ಮೊದಲು ಎಲ್ಲಿ ಬಂದವು ಎಂದು ಹುಡುಕಲು ನಿರ್ಧರಿಸಿದೆ. ಈ 2.5 ನನ್ನ ಊಹೆಯಲ್ಲ. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಮಳೆ ಬಿದ್ದ ದಿನವನ್ನೇ ಹವಾಮಾನ ಇಲಾಖೆ ಮಳೆಯ ದಿನವೆಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಇದಕ್ಕಾಗಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಪ್ರೋಗ್ರಾಮು ಬರೆದೆ. ಮೊದಲ ಪ್ರಯತ್ನದಲ್ಲಿ ವೈಲ್ ಲೂಪ್, ಅಂದರೆ ಕೊಟ್ಟ ಷರತ್ತು ನಿಜವಿರುವವರೆಗೆ ಅವೇ ಸಾಲುಗಳನ್ನು ಮತ್ತೆ ಮತ್ತೆ ನಡೆಸುವ ಸುತ್ತು, ಬಳಸಿದೆ. ದಿನದ ಸಂಖ್ಯೆ 42ಕ್ಕಿಂತ ಕಡಿಮೆ ಇರುವವರೆಗೆ ಸುತ್ತು, ಮಳೆಯ ದಿನವಾದರೆ ಕಂಟಿನ್ಯೂ ಎಂದು ಮುಂದಿನ ಸುತ್ತಿಗೆ ಹೋಗು, ಕೊನೆಯ ಸಾಲಿನಲ್ಲಿ ದಿನಕ್ಕೆ ಒಂದು ಕೂಡಿಸು ಎಂದು ಬರೆದಿದ್ದೆ. ಓಡಿಸಿದ ಕೂಡಲೇ ಪರದೆಯ ಮೇಲೆ ಒಂದೇ ತಾರೀಕು ಮತ್ತೆ ಮತ್ತೆ ಮೂಡತೊಡಗಿತು. ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿ ನಿಲ್ಲಿಸಬೇಕಾಯಿತು. ಕಂಟಿನ್ಯೂ ತನ್ನ ಕೆಳಗಿನ ಸಾಲುಗಳನ್ನೆಲ್ಲ ಬಿಟ್ಟು ನೇರವಾಗಿ ಲೂಪಿನ ತಲೆಗೆ ಹಿಂದಿರುಗುತ್ತದೆ, ಮತ್ತು ದಿನವನ್ನು ಹೆಚ್ಚಿಸುವ ಸಾಲು ಅದರ ಕೆಳಗೇ ಇತ್ತು. ಆದ್ದರಿಂದ ಮೊದಲ ಮಳೆಯ ದಿನಕ್ಕೆ ತಲುಪಿದ ಲೂಪು ಅಲ್ಲಿಂದ ಕದಲಲೇ ಇಲ್ಲ. ಫಾರ್ ಲೂಪಿಗೆ ಬದಲಾಯಿಸಿಕೊಂಡ ಮೇಲೆ ಈ ತೊಂದರೆ ತೀರಿತು, ಏಕೆಂದರೆ ಅಲ್ಲಿ ಮುಂದಿನ ದಿನವನ್ನು ಎತ್ತಿಕೊಡುವ ಕೆಲಸವನ್ನು ಪೈಥಾನೇ ಮಾಡುತ್ತದೆ. ಎಷ್ಟು ಸಲ ಸುತ್ತಬೇಕೆಂದು ಮೊದಲೇ ಗೊತ್ತಿರುವಲ್ಲಿ ವೈಲ್ ಬಳಸುವ ಅಗತ್ಯವೇ ಇಲ್ಲವೆಂಬುದು ಈಗ ನನ್ನ ಗಟ್ಟಿ ಅಭಿಪ್ರಾಯ.

ವರ್ಷಗಳ ಮೇಲೆ ಹೊರಗಿನ ಒಂದು ಲೂಪು, ದಿನಗಳ ಮೇಲೆ ಒಳಗಿನ ಒಂದು ಲೂಪು. ಸಂಖ್ಯೆಗಳ ಸಾಲನ್ನು ಕೊಡುವ ರೇಂಜ್‌ಗೆ 1994 ಮತ್ತು 2023 ಎಂದು ಕೊಟ್ಟಿದ್ದರಿಂದ 29 ವರ್ಷಗಳ ಉತ್ತರ ಮಾತ್ರ ಬಂತು. ಕೊನೆಯ ಸಂಖ್ಯೆಯನ್ನು ರೇಂಜ್ ಸೇರಿಸಿಕೊಳ್ಳುವುದಿಲ್ಲವಾದ್ದರಿಂದ 2024 ಎಂದು ತಿದ್ದಿದೆ. ಪೈಥಾನ್ 3ರಲ್ಲಿ ಬೆಲೆಗಳನ್ನು ಇಟ್ಟುಕೊಳ್ಳುವ ಚರಾಂಶಗಳ ಹೆಸರನ್ನು ಕನ್ನಡದಲ್ಲೇ ಇಡಬಹುದು, ಹಾಗಾಗಿ ನನ್ನ ಪ್ರೋಗ್ರಾಮಿನಲ್ಲಿ 'ಮಳೆ', 'ವರ್ಷ', 'ಒಣದಿನ' ಎಂಬ ಹೆಸರುಗಳೇ ಇವೆ. ಮಳೆಯ ದಿನ ಬಂದರೆ 'ಒಣದಿನ' ಸೊನ್ನೆಯಾಗುತ್ತದೆ, ಇಲ್ಲವಾದರೆ ಒಂದು ಹೆಚ್ಚುತ್ತದೆ, ಮೂರು ಮುಟ್ಟಿದೊಡನೆ ತಾರೀಕನ್ನು ಮುದ್ರಿಸಿ ಬ್ರೇಕ್ ಎನ್ನುತ್ತದೆ. ಆ ಬ್ರೇಕ್ ಒಳಗಿನ ಲೂಪನ್ನಷ್ಟೇ ಮುರಿಯುತ್ತದೆ. ಹೊರಗಿನದು ಮುಂದಿನ ವರ್ಷಕ್ಕೆ ನಡೆಯುತ್ತದೆ. ನನಗೆ ಬೇಕಾಗಿದ್ದುದೂ ಅದೇ. ಎರಡು ಲೂಪುಗಳಿಂದ ಒಟ್ಟಿಗೆ ಹೊರಬರಲು ಹೆಸರಿಟ್ಟ ಬ್ರೇಕ್ ಬೇಕೆಂಬ ಪ್ರಸ್ತಾವ 2007ರಲ್ಲಿ ಬಂದಿತ್ತಾದರೂ ಪೈಥಾನಿನ ಜನಕ ಗೀಡೊ ವಾನ್ ರಾಸಮ್ ಅದನ್ನು ಒಪ್ಪಲಿಲ್ಲ. ಅಂತಹ ಅಗತ್ಯ ಬಿದ್ದಾಗ ಒಳಗಿನ ಹುಡುಕಾಟವನ್ನು ಬೇರೆ ಫಂಕ್ಷನ್ನಿಗೆ, ಅಂದರೆ ಹೆಸರಿಟ್ಟು ಕರೆಯಬಹುದಾದ ಪ್ರತ್ಯೇಕ ತುಣುಕಿಗೆ, ಹಾಕಿ, ಉತ್ತರ ಸಿಕ್ಕೊಡನೆ ಅಲ್ಲಿಂದ ರಿಟರ್ನ್ ಮಾಡುವುದೇ ಓದುವವರಿಗೂ ಸುಲಭ.

ಉತ್ತರಗಳ ಪಟ್ಟಿಯನ್ನು ಅಪ್ಪಯ್ಯನ ಮುಂದಿಟ್ಟಾಗ ಅವರು ಒಂದು ಸಾಲಿನ ಮೇಲೆ ಬೆರಳಿಟ್ಟು ತಲೆ ಅಲ್ಲಾಡಿಸಿದರು. ಆ ವರ್ಷದ ಪುಸ್ತಕ ತೆರೆದು ನೋಡಿದೆವು. ಜುಲೈ 17ರ ಮುಂದೆ 1.2, 18 ಮತ್ತು 19ರ ಮುಂದೆ ಏನೂ ಇಲ್ಲ, 20ರ ಮುಂದೆ 96, 21ರ ಮುಂದೆ ಮತ್ತೆ ಖಾಲಿ, ಇಂತಹ ಖಾಲಿಗಳು ಆ ಪುಟದಲ್ಲಿ ಹಲವು. ಕೆಳಗೆ ಒಂದೆಡೆ ಒಂದು ಒಣ ದಿನ, ಒಂದು ಖಾಲಿ, ಮತ್ತೆ ಎರಡು ಒಣ ದಿನಗಳಿದ್ದವು. ನನ್ನ ಪ್ರೋಗ್ರಾಮು ಅವನ್ನು ಸೇರಿಸಿ ಮೂರು ಎಂದು ಎಣಿಸಿತ್ತು.

"ಅವತ್ತು ಮಳೆ ಇರ್ಲಿಲ್ಲ ಅಂತಲ್ಲ, ನಾನೇ ಊರಲ್ಲಿ ಇರ್ಲಿಲ್ಲ" ಎಂದರು ಅಪ್ಪಯ್ಯ.

ಖಾಲಿ ಕಂಡರೆ ಕಂಟಿನ್ಯೂ ಎಂದಷ್ಟೇ ಬರೆದು ನಾನು ಸುಮ್ಮನಾಗಿದ್ದೆ. ಖಾಲಿಯನ್ನು ಸೊನ್ನೆಯೆಂದು ಎಣಿಸಬಾರದೆಂಬ ಎಚ್ಚರ ನನಗಿತ್ತು. ಆದರೆ ಕಂಟಿನ್ಯೂ ಆ ದಿನವನ್ನು ದಾಟುವಾಗ 'ಒಣದಿನ'ದ ಬೆಲೆಯನ್ನು ಹಾಗೆಯೇ ಉಳಿಸಿಕೊಂಡು ಹೋಗುತ್ತದೆ, ಹೀಗಾಗಿ ಖಾಲಿಯ ಆಚೆಗಿನ ಮತ್ತು ಈಚೆಗಿನ ದಿನಗಳು ಅಕ್ಕಪಕ್ಕದವೆಂಬಂತೆ ಅಂಟಿಕೊಳ್ಳುತ್ತವೆ ಎಂಬುದನ್ನು ಯೋಚಿಸಿರಲಿಲ್ಲ. ಪೈಥಾನ್ ಯಾವ ದೋಷವನ್ನೂ ತೋರಿಸಿರಲಿಲ್ಲ. ಪುಟವನ್ನು ಕೈಯಾರೆ ಬರೆದವರು ನೋಡದಿದ್ದರೆ ಆ ತಾರೀಕು ಪಟ್ಟಿಯಲ್ಲಿ ಉಳಿದೇ ಹೋಗುತ್ತಿತ್ತು. ಕಂಟಿನ್ಯೂ ಮೇಲೆ 'ಒಣದಿನ'ವನ್ನು ಸೊನ್ನೆ ಮಾಡುವ ಒಂದು ಸಾಲನ್ನು ಸೇರಿಸಿದೆ. ಅಂದಿನಿಂದ ಕಂಟಿನ್ಯೂ ಬರೆಯುವಾಗಲೆಲ್ಲ, ಲೂಪು ಹೊತ್ತೊಯ್ಯುತ್ತಿರುವ ಎಣಿಕೆಗಳಲ್ಲಿ ಯಾವುದು ಈ ನೆಗೆತದಲ್ಲೂ ಸರಿಯಾಗಿ ಉಳಿಯಬೇಕು, ಯಾವುದು ಅಳಿಯಬೇಕು ಎಂದು ಕೇಳಿಕೊಳ್ಳುತ್ತೇನೆ. ಇದೇ ಕಾರಣಕ್ಕೆ 'ಒಣದಿನ'ವನ್ನು ಸೊನ್ನೆಗೆ ತರುವ ಸಾಲು ಹೊರಗಿನ ಲೂಪಿನ ಒಳಗೂ, ಒಳಗಿನದರ ಮೇಲೂ ಇರಬೇಕು. ಇಲ್ಲವಾದರೆ ಒಂದು ವರ್ಷದ ಆಗಸ್ಟ್ 15 ಮುಂದಿನ ವರ್ಷದ ಜುಲೈ 5ರ ಜೊತೆ ಸೇರಿಕೊಳ್ಳುತ್ತದೆ.

ಇನ್ನು ಹೊಳವೇ ಸಿಗದ ವರ್ಷಗಳು. ಅವುಗಳಿಗಾಗಿ 'ಸಿಕ್ಕಿತೇ' ಎಂಬ ಬೇರೊಂದು ಗುರುತನ್ನು ಇಟ್ಟುಕೊಂಡಿದ್ದೆ. ಪೈಥಾನಿನಲ್ಲಿ ಫಾರ್‌ಗೂ ವೈಲ್‌ಗೂ ಎಲ್ಸ್ ಇದೆ ಎಂದು ತಿಳಿದ ಮೇಲೆ ಅದನ್ನು ತೆಗೆದುಹಾಕಿದೆ. ಲೂಪು ಬ್ರೇಕ್ ಆಗದೆ ಕೊನೆಯವರೆಗೂ ಓಡಿ ಮುಗಿದರೆ ಮಾತ್ರ ಎಲ್ಸ್‌ನ ಭಾಗ ನಡೆಯುತ್ತದೆ. 'ಇಲ್ಲವಾದರೆ' ಎಂಬ ಅರ್ಥದ ಆ ಹೆಸರು ದಾರಿ ತಪ್ಪಿಸುವಂತಿರುವುದು ನಿಜ. ಪೈಥಾನ್ ರೂಪಿಸುವವರಲ್ಲಿ ಒಬ್ಬರಾದ ರೇಮಂಡ್ ಹೆಟಿಂಗರ್ ಅದಕ್ಕೆ 'ನೋಬ್ರೇಕ್' ಎಂಬ ಹೆಸರಿರಬೇಕಿತ್ತು ಎಂದಿದ್ದಾರೆ. ಹುಡುಕಾಟದ ಲೂಪಿಗೆ ಇದಕ್ಕಿಂತ ಹೊಂದುವ ಸಾಧನ ನನಗೆ ಕಂಡಿಲ್ಲ. ಒಂದು ಎಚ್ಚರ ಮಾತ್ರ ಬೇಕು: ಎಲ್ಸ್ ಫಾರ್‌ನ ನೇರಕ್ಕೇ, ಅಂದರೆ ಸಾಲಿನ ಆರಂಭದಲ್ಲಿ ಅಷ್ಟೇ ಜಾಗ ಬಿಟ್ಟು, ಇರಬೇಕು. ನಾನು ಒಮ್ಮೆ ಅದನ್ನು, 'ಒಣದಿನ' ಮೂರಾಯಿತೇ ಎಂದು ನೋಡುವ ಇಫ್‌ನ ನೇರಕ್ಕೆ ಸರಿಸಿಬಿಟ್ಟಾಗ ಮೂರು ಮುಟ್ಟದ ಪ್ರತಿ ಒಣ ದಿನಕ್ಕೂ 'ಹೊಳವಿಲ್ಲ' ಎಂದು ಮುದ್ರಣವಾಯಿತು.

ಎಲ್ಸ್ ಎತ್ತಿಕೊಟ್ಟ ವರ್ಷಗಳನ್ನು ಅಪ್ಪಯ್ಯನಿಗೆ ಓದಿ ಹೇಳಿದೆ. ಆ ವರ್ಷಗಳಲ್ಲೂ ಔಷಧಿ ಹೊಡೆದಿದ್ದೇವೆ, ದ್ರಾವಣಕ್ಕೆ ರಾಳ ಸೇರಿಸಿ, ಎರಡು ದಿನದ ಹೊಳವಿನಲ್ಲೇ ಮುಗಿಸಿದ್ದುಂಟು ಎಂದರು. ಲೂಪಿನ ನಡುವೆ ನಾನು ನೇರವಾಗಿ ಬರೆದಿದ್ದ ಮೂರನ್ನು ತೆಗೆದು, 'ಬೇಕಾದದಿನ' ಎಂಬ ಹೆಸರಿನಲ್ಲಿ ಪ್ರೋಗ್ರಾಮಿನ ಮೊದಲ ಸಾಲಿಗೆ ತಂದೆ. ಎರಡು ಎಂದು ಕೊಟ್ಟು ಓಡಿಸಿದಾಗ ಎಲ್ಸ್‌ನ ಪಟ್ಟಿ ಗಿಡ್ಡವಾಯಿತು. ಉಳಿದ ವರ್ಷಗಳ ಪುಸ್ತಕಗಳಲ್ಲಿ ಖಾಲಿ ಇರುವ ತಾರೀಕುಗಳನ್ನು ಈಗ ಅವರೊಂದಿಗೆ ಕೂತು ಒಂದೊಂದಾಗಿ ನೋಡುತ್ತಿದ್ದೇನೆ.