ಟ್ಯಾಂಕರ್ ಹೊಗೆಯ ಹಿಂದೆ ಬಿದ್ದು ಫ್ಲಶ್ ಟ್ಯಾಂಕ್ ಹಿಡಿದ ಕಥೆ

ನಮ್ಮ ಕಟ್ಟಡದಲ್ಲಿ 48 ಮನೆಗಳಿವೆ. ದಿನಕ್ಕೊಂದು ಟ್ಯಾಂಕರ್ ನೀರು ಬರುತ್ತಿತ್ತು. ನೀರಿನ ಉಸ್ತುವಾರಿ ನನ್ನ ಕೊರಳಿಗೆ ಬಿದ್ದದ್ದು ಮೀಟಿಂಗ್‌ನಲ್ಲಿ ಸುಮ್ನೆ ಕೂರದೆ ಬಾಯಿ ಬಿಟ್ಟದ್ದಕ್ಕೆ. "ನೀರು ಇಳಿಸುವಾಗ ಇಂಜಿನ್ ಆಫ್ ಮಾಡಿಸಿ, ಹೊಗೆಯೆಲ್ಲ ನನ್ನ ಕಿಟಕಿಗೇ ನುಗ್ಗುತ್ತೆ" ಅಂದೆ. "ಹಾಗಾದ್ರೆ ನೀವೇ ನೋಡ್ಕೊಳ್ಳಿ" ಅಂದರು.

ಡ್ರೈವರ್‌ನನ್ನು ಕೇಳಿದರೆ ಅವನದೂ ತಪ್ಪಿಲ್ಲ. ಟ್ಯಾಂಕರ್ ಪಂಪು ಓಡುವುದೇ ಗಾಡಿಯ ಇಂಜಿನ್‌ನಿಂದ. ನಮ್ಮ ಸಂಪು ಹಿತ್ತಲಲ್ಲಿದೆ, ಪೈಪು ಗೋಡೆ ಹತ್ತಿ ಇಳಿಯಬೇಕು. ಹಾಗಾಗಿ ದಿನಾ 25 ನಿಮಿಷ ಗಾಡಿ ನಿಂತಲ್ಲೇ ಗುರ್ರ್ ಅನ್ನುತ್ತಿತ್ತು. ಗೇಟಿನಿಂದ ಸಂಪಿನವರೆಗೆ ನೆಲದಡಿ ಇಳಿಜಾರಾಗಿ ಒಂದು ದಪ್ಪ ಪೈಪು ಹಾಕಿಸಿದೆವು. ಸಂಪು ಹೇಗೂ ನೆಲದೊಳಗಿದೆ, ನೀರು ತಾನಾಗಿಯೇ ಹರಿದು ಹೋಗುತ್ತದೆ. ಇಂಜಿನ್ ಬೇಕಾಗಿಲ್ಲ. ಇಷ್ಟು ಸುಲಭದ ಕೆಲಸವನ್ನು ಇಷ್ಟು ವರ್ಷ ಯಾರೂ ಯಾಕೆ ಮಾಡಲಿಲ್ಲವೋ!

ಕಿಟಕಿಯ ಹೊಗೆ ನಿಂತಿತು, ರಸ್ತೆಯ ಹೊಗೆ ನಿಲ್ಲಲಿಲ್ಲ. ಡ್ರೈವರ್ ಲೆಕ್ಕದಲ್ಲಿ ಒಂದು ಟ್ರಿಪ್‌ಗೆ, ಹೋಗಿ ಬರಲು, 6 ಲೀಟರ್ ಡೀಸೆಲ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಒಂದು ಲೀಟರ್ ಡೀಸೆಲ್ಲಿನ ತೂಕವೇ ಒಂದು ಕೆಜಿ ಇಲ್ಲ, ಹೊಗೆ ಅಷ್ಟು ಹೇಗೆ ಅಂತ ನನಗೂ ಅನುಮಾನ ಬಂದಿತ್ತು. ಉರಿಯುವಾಗ ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತದೆ, ಅದರ ತೂಕ ಅದು. ಅಂದರೆ 6,000 ಲೀಟರ್ ನೀರಿನ ಹಿಂದೆ 16 ಕೆಜಿ. ಮಸಿಯದ್ದು ಬೇರೆ ಕಥೆ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿದೆ.

ಟ್ಯಾಂಕರ್ ಕಡಿಮೆ ಮಾಡಬೇಕೆಂದರೆ ನೀರು ಎಲ್ಲಿ ಹೋಗುತ್ತಿದೆ ಅಂತ ಗೊತ್ತಾಗಬೇಕು, ಅಲ್ವಾ? ಮೇಲಿನ ಟ್ಯಾಂಕ್‌ನ ತಳ 5 ಮೀಟರ್ ಉದ್ದ, 4 ಮೀಟರ್ ಅಗಲ. ನೀರು ಒಂದು ಸೆಂಟಿಮೀಟರ್ ಇಳಿದರೆ 200 ಲೀಟರ್ ಹೋಯಿತು ಅಂತ ಲೆಕ್ಕ. ಒಂದು ರಾತ್ರಿ ಪಂಪು ನಿಲ್ಲಿಸಿ, 12 ಗಂಟೆಗೆ ಟಾರ್ಚ್ ಹಿಡಿದು ಮೇಲೆ ಹತ್ತಿದೆ. ಉದ್ದ ಕೋಲಿಗೆ ಸ್ಕೇಲ್ ಕಟ್ಟಿ ಮಟ್ಟ ಗುರುತು ಮಾಡಿದೆ. 4 ಗಂಟೆಗೆ ಮತ್ತೆ ಹತ್ತಿ ನೋಡಿದರೆ 4 ಸೆಂಟಿಮೀಟರ್ ಇಳಿದಿತ್ತು. ಎಲ್ಲರೂ ಮಲಗಿರುವ ಹೊತ್ತಲ್ಲಿ 800 ಲೀಟರ್!

ನಲ್ಲಿ ತೊಟ್ಟಿಕ್ಕಿದರೆ ಕಣ್ಣಿಗೆ ಬೀಳುತ್ತದೆ. ಫ್ಲಶ್ ಟ್ಯಾಂಕ್ ಸೋರಿದರೆ ಸದ್ದೂ ಇಲ್ಲ, ಸುಳಿವೂ ಇಲ್ಲ. ಪ್ರತಿ ಮನೆಗೂ ಹೋಗಿ ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ಕೆಂಪು ಬಣ್ಣ ಹಾಕಿದೆ, ಅರ್ಧ ಗಂಟೆ ಫ್ಲಶ್ ಮಾಡಬೇಡಿ ಅಂದೆ. ಕಮೋಡ್‌ನಲ್ಲಿ ಬಣ್ಣ ಕಂಡರೆ ಸೋರಿಕೆ ಇದೆ ಅಂತ. ಇಡೀ ಕಟ್ಟಡದ 96 ಫ್ಲಶ್ ಟ್ಯಾಂಕ್‌ಗಳಲ್ಲಿ 19 ಸೋರುತ್ತಿದ್ದವು. ತಳದ ರಬ್ಬರ್ ಮುಚ್ಚಳ ಗಟ್ಟಿಯಾಗಿ ಅಂಚು ಸೊಟ್ಟಗಾಗಿತ್ತು, ಅಷ್ಟೇ. ಬದಲಾಯಿಸಿದ ಮೇಲೆ ಅದೇ ನಾಲ್ಕು ಗಂಟೆಗೆ ಇಳಿದದ್ದು ಒಂದೇ ಸೆಂಟಿಮೀಟರ್. ದಿನಕ್ಕೆ 3,600 ಲೀಟರ್ ಉಳಿಯಿತು. ತಿಂಗಳಿಗೆ 18 ಟ್ಯಾಂಕರ್.

ಆಮೇಲೆ ಮಳೆ ನೀರಿನ ಹುಚ್ಚು ಹಿಡಿಯಿತು. ಚಾವಣಿ 400 ಚದರ ಮೀಟರ್. ಒಂದು ಮಿಲಿಮೀಟರ್ ಮಳೆ ಬಿದ್ದರೆ ಚದರ ಮೀಟರಿಗೆ ಒಂದು ಲೀಟರ್. 10 ಮಿಲಿಮೀಟರ್ ಮಳೆಗೆ, ನಷ್ಟ ಕಳೆದರೂ 3,000 ಲೀಟರ್ ಸಿಗುತ್ತದೆ ಅಂದುಕೊಂಡೆ. ಮೊದಲ ಮಳೆಯ ಕೊಳೆ ಹಿಡಿಯಲು 100 ಲೀಟರಿನ ಒಂದು ಡ್ರಮ್ ಇಟ್ಟೆ. ಮಳೆ ಬಂದ ಮರುದಿನ ಸಂಗ್ರಹದ ನೀರನ್ನು ಗಾಜಿನ ಬಾಟಲಿಗೆ ತುಂಬಿ ಕಿಟಕಿಯಲ್ಲಿಟ್ಟೆ. ಸಂಜೆಗೆ ತಳದಲ್ಲಿ ಬೆರಳಿಗೆ ಅಂಟುವ ಕಪ್ಪು ಕೆಸರು. ಉಜ್ಜಿದರೆ ಕಾಡಿಗೆ ಥರ ಹರಡಿತು. ನಮ್ಮದು ಮುಖ್ಯರಸ್ತೆಗೆ ಅಂಟಿಕೊಂಡ ಕಟ್ಟಡ. ಗಾಡಿಗಳ ಮಸಿ, ಟೈರಿನ ಪುಡಿ ಎಲ್ಲ ಚಾವಣಿಯ ಮೇಲೆ ಕೂತು, ಮಳೆ ಜೊತೆ ಇಳಿದು ಬಂದಿತ್ತು. ಟ್ಯಾಂಕರ್ ತಪ್ಪಿಸಲು ಹಿಡಿದ ನೀರಿನಲ್ಲೂ ಅದರ ಹೊಗೆ! ಈಗ ಮೊದಲ 400 ಲೀಟರ್ ಪೂರ್ತಿ ಹೊರಗೆ ಬಿಡುತ್ತೇವೆ. ಉಳಿದದ್ದು ಬೇರೆ ಪೈಪಿನಲ್ಲಿ ಫ್ಲಶ್‌ಗೆ, ಗಿಡಕ್ಕೆ ಮಾತ್ರ. ಕುಡಿಯಲು ಕೊಡುವ ಧೈರ್ಯ ನನಗಿಲ್ಲ.

ಸಂಪಿನ ನೀರಿನಲ್ಲಿ ನಾನು ಮಾಡಿದ ಎಡವಟ್ಟು ಹೇಳಲೇಬೇಕು. 10,000 ಲೀಟರ್ ಸಂಪಿಗೆ 80 ಗ್ರಾಂ ಬ್ಲೀಚಿಂಗ್ ಪೌಡರ್ ಸಾಕಿತ್ತು. ನಾನು ಅಂದಾಜಿನಲ್ಲಿ ಒಂದು ಡಬ್ಬಿ ಸುರಿದೆ. ಮರುದಿನ ಇಡೀ ಕಟ್ಟಡ ಈಜುಕೊಳದ ಥರ ವಾಸನೆ ಹೊಡೆಯಿತು, ನನ್ನ ಫೋನ್ ಸುಮ್ಮನಾಗಲಿಲ್ಲ. ಈಗ ಪುಡಿಯನ್ನು ತೂಗಿ, ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಹಾಕುತ್ತೇನೆ. ಅರ್ಧ ಗಂಟೆ ಬಿಟ್ಟು, ಕ್ಲೋರಿನ್ ಇದ್ದರೆ ಬಣ್ಣ ತೋರಿಸುವ ಕಿಟ್‌ನಲ್ಲಿ ಪರೀಕ್ಷೆ. ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಸರಿ. ನೀರು ಕದಡಿದ್ದರೆ ಕ್ಲೋರಿನ್ ಆ ಕೆಸರಿಗೇ ಖರ್ಚಾಗಿಬಿಡುತ್ತದೆ. ಅಂಥ ದಿನ ಕಿಟ್‌ನಲ್ಲಿ ಬಣ್ಣವೇ ಬರುವುದಿಲ್ಲ.

ಮೂರನೇ ಮಹಡಿಯವರು ಈಗಲೂ ಟಿಡಿಎಸ್ ಮೀಟರ್ ಹಿಡಿದು ಬಂದು "ನೀರು ಚೆನ್ನಾಗಿದೆ ಸಾರ್" ಅನ್ನುತ್ತಾರೆ. ಅದು ಕರಗಿದ ಲವಣ ಅಳೆಯುವ ಸಾಧನ, ರೋಗಾಣು ಅದಕ್ಕೆ ಕಾಣುವುದೇ ಇಲ್ಲ ಅಂತ ಎಷ್ಟು ಸಲ ಹೇಳಿದರೂ ಅಷ್ಟೇ.

ಈಗ ತಿಂಗಳಿಗೆ 12 ಟ್ಯಾಂಕರ್, ಮಳೆಗಾಲದಲ್ಲಿ ಇನ್ನೂ ಕಡಿಮೆ. ಕಳೆದ ವಾರ ರಾತ್ರಿ ಮತ್ತೆ ಅಳೆದೆ. ಎರಡು ಸೆಂಟಿಮೀಟರ್ ಇಳಿದಿದೆ. ಯಾರದೋ ಮನೆಯ ರಬ್ಬರ್ ಮುಚ್ಚಳ ಮತ್ತೆ ಕೈಕೊಟ್ಟಿರಬೇಕು. ಭಾನುವಾರ ಬಣ್ಣದ ಬಾಟಲಿ ಹಿಡಿದು ಹೊರಡಬೇಕು.